ಹೊಸ್ತಿಲ ಮೇಲಿನ ಸುಳ್ಳು

ಕಾರೆಗುಡ್ಡದಹಳ್ಳಿ, ಕೋಗಳಿ ದಾರಿ
೧೯-೧೧-೨೦೨೫, ಬುಧವಾರ

ಪ್ರೀತಿಯ ಸೊಸೆ ಶಾಂತಾಳಿಗೆ,

ನಿನ್ನ ಅತ್ತೆ ಗಾದೆಮ್ಮ ತಲೆ ಮೇಲೆ ಕೈಯಿಟ್ಟು ಮಾಡುವ ಆಶೀರ್ವಾದ. ಹೇಗಿದ್ದೀ ಮಗಳೇ? ಮಂಗಳೂರಿನ ಸೆಕೆಗೆ ಕುತ್ತಿಗೆ ಮೇಲೆ ಎದ್ದಿದ್ದ ಬೆವರುಸಾಲೆ ಕಡಿಮೆಯಾಯಿತೇ? ಆ ದಪ್ಪಕ್ಕಿ ಗಂಜಿ ಈಗಲಾದರೂ ಹೊಟ್ಟೆಗೆ ಒಗ್ಗಿತೋ, ಇಲ್ಲ ಇನ್ನೂ ತಾಟಿನ ಮುಂದೆ ಕೂತು ಜೋಳದ ರೊಟ್ಟಿಯ ಧ್ಯಾನ ಮಾಡುತ್ತಿದ್ದೀಯೋ? ಗುರೆಳ್ಳು ಪುಡಿ ಕಟ್ಟಿಕೊಟ್ಟಿದ್ದನ್ನು ಹಾಸ್ಟೆಲಿನ ಹುಡುಗಿಯರೇ ಎರಡು ದಿನಕ್ಕೆ ಖಾಲಿ ಮಾಡಿದರೆಂದು ಕೇಳಿದೆ. ತಿನ್ನಲಿ, ಅವರೂ ಯಾರದೋ ಮನೆಯ ಮಕ್ಕಳೇ. ಆದರೆ ನೀನು ಒಂದು ಚೂರು ಬಚ್ಚಿಟ್ಟುಕೊಳ್ಳುವುದನ್ನು ಯಾವಾಗ ಕಲಿಯುತ್ತೀಯೋ. ರಾತ್ರಿ ಪಾಳಿ ಮಾಡಿದ ಮರುದಿನ ಹಗಲು ಮಲಗು, ಬಟ್ಟೆ ಒಗೆಯಲು ಕೂರಬೇಡ. ನರ್ಸಮ್ಮನೇ ಮಂಚ ಹಿಡಿದರೆ ಸೂಜಿ ಯಾರು ಚುಚ್ಚಬೇಕು?

ಇಲ್ಲಿ ನಾವೆಲ್ಲರೂ ಆರಾಮ. ಎಲ್ಲರೂ ಅಂದರೆ ದೊಡ್ಡ ದಂಡೇನಲ್ಲ, ನಾನು, ನಿನ್ನ ಮಗಳು ಶೃತಿ, ಆಮೇಲೆ ಎಮ್ಮೆ. ಎಮ್ಮೆ ಗಬ್ಬವಾಗಿದೆ, ಸಂಕ್ರಾಂತಿ ಆಚೆ ಈಚೆ ಈಯಬಹುದು. ಶೃತಿಗೆ ಮೇಲಿನ ಎರಡು ಮುಂದಿನ ಹಲ್ಲು ಒಂದೇ ವಾರದಲ್ಲಿ ಬಿದ್ದವು. ಸೆಗಣಿಯಲ್ಲಿಟ್ಟು ಮಾಳಿಗೆ ಮೇಲೆ ಎಸೆದೆವು. ಎರಡನೆಯದು ಮಾಳಿಗೆ ದಾಟಿ ಹಿತ್ತಲಿಗೆ ಹೋಗಿ ಬಿತ್ತು. ಇನ್ನು ನನಗೆ ಹಲ್ಲೇ ಬರುವುದಿಲ್ಲ ಎಂದು ಅತ್ತಳು. ಅತ್ತದ್ದಕ್ಕಿಂತ ಅಳುವಾಗ ಬಾಯಿಂದ ಬರುವ ಗಾಳಿ ಸದ್ದಿಗೆ ನಾನು ನಕ್ಕದ್ದೇ ಅವಳಿಗೆ ಹೆಚ್ಚು ಸಿಟ್ಟು. ಎರಡನೇ ಇಯತ್ತೆಯಲ್ಲಿ ಮಗ್ಗಿ ಹದಿನೈದರವರೆಗೆ ಹೇಳುತ್ತಾಳೆ, ಹಲ್ಲಿಲ್ಲದ ಕಾರಣ ಹತ್ತರ ಮಗ್ಗಿ ಮಾತ್ರ ಯಾರಿಗೂ ತಿಳಿಯುವುದಿಲ್ಲ. ಸಾಲುಗಳು ಏರಿಳಿದಿದ್ದರೆ, ಅಕ್ಷರ ಕುಂಬಳಕಾಯಿಯಷ್ಟು ದಪ್ಪಗಿದ್ದರೆ ನಗಬೇಡ. ನಾನು ಓದಿದ್ದು ನಾಲ್ಕನೇ ಇಯತ್ತೆ, ಅದೂ ಸುಗ್ಗಿ ಬಂದಾಗ ಅರ್ಧ. ಮೇಲಾಗಿ ಈ ಪೆನ್ನು ದರಿದ್ರ ಪೆನ್ನು. ಇವತ್ತಿಗೆ ಎರಡು ಮಧ್ಯಾಹ್ನವಾಯಿತು, ಬಾಗಿಲ ಬಿಸಿಲಿಗೆ ಕೂತು ಬರೆಯುತ್ತಿದ್ದೇನೆ.

ಪತ್ರ ಯಾಕೆ, ಫೋನ್ ಇದೆಯಲ್ಲ ಅನ್ನುತ್ತೀಯ. ಫೋನಿನ ಸಂಗತಿಗೇ ಬರುತ್ತೇನೆ. ಹೋದ ಗುರುವಾರ ಕೆರೆ ಏರಿ ಮೇಲೆ ನಿಂತು ಮಾತಾಡುವಾಗ ನೀನು ಅಂದೆ, "ಅತ್ತಿ, ನನ್ನ ಕೈಲಿ ಆಗವಲ್ದು. ಪರೀಕ್ಷಿ ಗಿರೀಕ್ಷಿ ಏನೂ ಬ್ಯಾಡ, ಬಿಟ್ಟು ಬರ್ತೀನಿ. ಮಗಳ ಮುಖ ನೋಡಿ ನಾಕು ತಿಂಗಳಾತು." ನಾನು "ಹಲೋ ಹಲೋ, ಸಿಗ್ನಲ್ ಹೋತು" ಎಂದು ಕೂಗಿ ಗುಂಡಿ ಒತ್ತಿಬಿಟ್ಟೆ. ಸಿಗ್ನಲ್ ಹೋಗಿರಲಿಲ್ಲ ಮಗಳೇ. ಕಡ್ಡಿಗಳೆಲ್ಲ ನೆಟ್ಟಗೆ ನಿಂತಿವೆ ಎಂದು ಶೃತಿ ಎಣಿಸಿ ಹೇಳಿದ್ದಳು. ಏರಿ ಕೆಳಗೆ ಜೋಗಪ್ಪ ಎಮ್ಮೆ ಮೈ ತೊಳೆಯುತ್ತಿದ್ದ. ಅವನ ಕಿವಿ ಅವನ ಎಮ್ಮೆಯ ಕಿವಿಗಿಂತ ದೊಡ್ಡವು. ಮನೆಯೊಳಗೆ ಈ ಸಣ್ಣ ಫೋನು ಖಾಲಿ ಸುಣ್ಣದ ಡಬ್ಬಿಯಷ್ಟೇ ಕೆಲಸಕ್ಕೆ ಬರುತ್ತದೆ. ಮಾತಾಡಬೇಕೆಂದರೆ ಏರಿ ಹತ್ತಬೇಕು, ಏರಿ ಹತ್ತಿದರೆ ಕೂಗಬೇಕು, ಕೂಗಿದರೆ ಊರು ಕೇಳುತ್ತದೆ. ಸೊಸೆಗೆ ಹೇಳುವ ಮಾತನ್ನು ಊರಿಗೆ ಯಾಕೆ ಹೇಳಲಿ? ಅದಕ್ಕೇ ಈ ಕಾಗದ. ನಿನ್ನ ಮಾತಿಗೆ ಉತ್ತರ ಕೊಡುವ ಮೊದಲು ನಾನು ಮಾಡಿದ ಒಂದು ತಪ್ಪು ಹೇಳಬೇಕು. ಮಗಳ ಮುಖ ನಿನಗೆ ಕಾಣದಿರುವುದರಲ್ಲಿ ನನ್ನ ಪಾಲೂ ಇದೆ.

ಮೊದಲು ಎದುರು ಮನೆಯ ಕೊಟ್ರಬಸಮ್ಮನ ಸುದ್ದಿ. ಅವರದು ಮಾಳಿಗೆ ಮೇಲೆ ಮಾಳಿಗೆ ಇರುವ ಮನೆ. ಮೇಲಿನ ಮಾಳಿಗೆಯ ಕಿಟಕಿ ಹತ್ತಿರ ನೆಟ್ ಸಿಗುತ್ತದೆ. ಭಾನುವಾರ ಅವಳ ಮಗ ಪ್ರವೀಣಕುಮಾರ್ ಕೊಟ್ಟೂರಿನ ಅಂಗಡಿಗೆ ಹೋಗದೆ ಮನೆಯಲ್ಲಿರುವಾಗ ಅವನ ಫೋನಿನಲ್ಲಿ ಶೃತಿ ನಿನ್ನ ಮುಖ ನೋಡಿ ಮಾತಾಡಿ ಬರುತ್ತಿದ್ದಳು, ನಿನಗೂ ಗೊತ್ತು. ಪಂಚಮಿ ಹಬ್ಬಕ್ಕೆ ನೀನು ಬಂದು ಹೋದೆಯಲ್ಲ, ಅದಾದ ಎರಡನೇ ಭಾನುವಾರ ಹುಡುಗಿ ಹೋದ ಕಾಲಲ್ಲೇ ವಾಪಸ್ಸು ಬಂದಳು. ಎಮ್ಮೆ ಹತ್ತಿರ ಹೋಗಿ ಕೂತಳು. ಆಮೇಲೆ ಬಾಯಿ ಬಿಟ್ಟಳು. ಮೆಟ್ಟಿಲ ಹತ್ತಿರವೇ ಕೊಟ್ರಬಸಮ್ಮ, "ಭಾನುವಾರ ಬಂತಂದ್ರ ನಮ್ಮ ಮನಿ ಟೆಂಟ್ ಟಾಕೀಸ್ ಆಗೈತಿ. ನೆಟ್ ಏನ್ ಬಾವಿ ನೀರೇನವ್ವ, ಸೇದಿದಷ್ಟೂ ಬರಾಕ?" ಅಂದಳಂತೆ. ಏಳು ವರ್ಷದ ಹುಡುಗಿಗೆ. ನಾನು ಸೆರಗು ಬಿಗಿದು ಹೊರಟಾಗ ಶೃತಿ ಸೀರೆ ಹಿಡಿದು ಎಳೆದಳು. "ಬ್ಯಾಡ ಬಿಡಜ್ಜಿ. ಅಮ್ಮನ ಮುಖ ನಂಗ ನೆನಪೈತಿ" ಅಂದಳು. ನಿನಗೆ ನಾನು ಏರಿ ಮೇಲಿಂದ ಹೇಳಿದ್ದು ಪ್ರವೀಣನ ಫೋನು ಕೆಟ್ಟಿದೆ ಎಂದು. ಅದು ಸುಳ್ಳು. ಆ ಫೋನು ಇವತ್ತಿಗೂ ಮದುವೆ ಮನೆಯ ವಾಲಗದ ಹಾಗೆ ಕೂಗುತ್ತದೆ.

ಇನ್ನು ನನ್ನ ತಪ್ಪು. ಮಹಾನವಮಿಗೆ ಮುಂಚೆ ಒಂದು ಸಂಜೆ, ದೀಪ ಹಚ್ಚಿ ಹೊಸ್ತಿಲಿಗೆ ಕೈಮುಗಿದು ಎದ್ದಿದ್ದೇನೆ, ಒಬ್ಬ ಹುಡುಗ ಕೈಯಲ್ಲಿ ಹಲಗೆಯಂಥ ಫೋನು ಹಿಡಿದು ಬಂದ. ಯಾವ ಯಾವ ಮನೆಯಲ್ಲಿ ಇಂಟರ್ನೆಟ್ ಇದೆ, ಯಾವ ಮನೆಯಲ್ಲಿ ಇಲ್ಲ ಎಂದು ಬರೆದುಕೊಳ್ಳುವವನು. ಸಭ್ಯ ಹುಡುಗ, ಚಪ್ಪಲಿ ಬಿಟ್ಟೇ ಕಟ್ಟೆ ಹತ್ತಿದ. ಹೊಸ್ತಿಲಾಚೆ ನಿಂತು, "ಅಮ್ಮಾರ, ಮನ್ಯಾಗ ಇಂಟರ್ನೆಟ್ ಐತೇನ್ರಿ?" ಅಂದ.

ನಿನಗೆ ನೆನಪಿದೆಯೇ, ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಸಂಜೆ ನೀನು "ಅತ್ತಿ, ಉಪ್ಪಿಲ್ಲ" ಅಂದೆ. ಕೈಯಲ್ಲಿದ್ದ ಸಾರಿನ ಹುಟ್ಟು ತೋರಿಸಿ ಬೈದಿದ್ದೆ. ದೀಪ ಹಚ್ಚಿದ ಹೊತ್ತಿನಲ್ಲಿ ಹೆಣ್ಣುಮಗಳು ಇಲ್ಲ ಅನ್ನಬಾರದು, ಲಕ್ಷ್ಮಿ ಬಾಗಿಲಿಗೆ ಬಂದವಳು ಆ ಮಾತು ಕೇಳಿ ತಿರುಗಿ ಹೋಗುತ್ತಾಳೆ ಅಂದಿದ್ದೆ. ನಮ್ಮವ್ವ ನನಗೆ ಹೇಳಿದ್ದು ಅದು, ಅವಳಿಗೆ ಅವರವ್ವ. ಭಿಕ್ಷೆಗೆ ಬಂದವನಿಗೂ ನಾವು ಮುಂದಿನ ಮನೆ ನೋಡಪ್ಪಾ ಅನ್ನುತ್ತೇವೆ, ಇಲ್ಲ ಅನ್ನುವುದಿಲ್ಲ. ಅರವತ್ತೆಂಟು ವರ್ಷ ಆ ಹೊತ್ತಿನಲ್ಲಿ ಆಡದ ಮಾತನ್ನು ಈ ಹುಡುಗನಿಗಾಗಿ ಹೇಗೆ ಆಡಲಿ? ಹಾಗೆಂದು ಎಲ್ಲವನ್ನೂ ಲಕ್ಷ್ಮಿ ಮೇಲೆ ಹಾಕುವುದಿಲ್ಲ. ಎದುರು ಕಟ್ಟೆ ಮೇಲೆ ಕೊಟ್ರಬಸಮ್ಮ ಹುಣಸೆ ಹಣ್ಣು ಬಿಡಿಸುತ್ತ ಕೂತಿದ್ದಳು. ಅವಳ ಕಿವಿಗೆ ಬೀಳುವ ಹಾಗೆ, "ಐತಿ" ಅಂದೆ. "ಕಂಪ್ಯೂಟರ್?" ಅಂದ. "ಐತಿ" ಅಂದೆ. "ಮನ್ಯಾಗ ನೆಟ್ ಬಳಸೋರು ಎಷ್ಟು ಮಂದಿ?" ಅಂದ. "ಎಲ್ಲಾರೂ" ಅಂದೆ. ಎಮ್ಮೆಯನ್ನೂ ಸೇರಿಸಿಕೊಂಡೆನೋ ಏನೋ. ಅವನು ನಮ್ಮ ಹೆಂಚಿಲ್ಲದ ಪಡಸಾಲೆ ಒಮ್ಮೆ ನೋಡಿದ, ನನ್ನ ಮುಖ ನೋಡಿದ, ಬರೆದುಕೊಂಡ. ಹಿರೇರು ಸುಳ್ಳು ಹೇಳುತ್ತಾರೆಯೇ ಎಂದುಕೊಂಡಿರಬೇಕು, ಪಾಪ.

ಆಮೇಲೆ ನಡೆದದ್ದು ಕೇಳು. ಬರೆದುಕೊಂಡದ್ದನ್ನು ಅವನು ಮೇಲಿನವರಿಗೆ ಕಳಿಸಬೇಕಂತೆ. ಕಳಿಸಲು ಸಿಗ್ನಲ್ ಇಲ್ಲ. ಕಟ್ಟೆ ಮೇಲೆ ನಿಂತ, ಕಟ್ಟೆ ಮೇಲಿನ ಬೀಸುವ ಕಲ್ಲಿನ ಮೇಲೆ ನಿಂತ, ಹಲಗೆಯನ್ನು ಚಂದ್ರನಿಗೆ ತೋರಿಸುವವನ ಹಾಗೆ ಎತ್ತಿ ಹಿಡಿದ. ನಮ್ಮ ಮನೆಯಲ್ಲಿ ಇಂಟರ್ನೆಟ್ ಇದೆ ಎಂದು ಹೇಳಲು ಅವನಿಗೆ ನಮ್ಮ ಮನೆಯಲ್ಲಿ ಇಂಟರ್ನೆಟ್ ಸಿಗಲಿಲ್ಲ. ಕಡೆಗೆ ಕೆರೆ ಏರಿಗೇ ಹೋದನಂತೆ. ಅಷ್ಟರಲ್ಲಿ ಓಣಿಯ ಹೆಂಗಸರೆಲ್ಲ ನನ್ನ ಮಾತು ಕೇಳಿಸಿಕೊಂಡಿದ್ದರು. ಗಾದೆಮ್ಮನ ಮನೆಯಲ್ಲೇ ಇದೆ ಅಂದಮೇಲೆ ನಮ್ಮ ಮನೆಯಲ್ಲಿ ಇಲ್ಲ ಎನ್ನಲು ನಮಗೇನು ಧಾಡಿ ಎಂದುಕೊಂಡರು. ಹಚ್ಚಿದ ದೀಪದ ಮುಂದೆ ಮನೆ ಮನೆಯಲ್ಲೂ "ಐತಿ" ಅಂದರು. ನನಗೆ ಒಳಗೊಳಗೇ ಹೆಮ್ಮೆಯೂ ಆಯಿತು, ಸುಳ್ಳು ಹೇಳುವುದಿಲ್ಲ.

ದೀಪಾವಳಿ ಕಳೆದ ಮೇಲೆ ನಮ್ಮೂರ ಲೈಬ್ರರಿ ನೋಡಿಕೊಳ್ಳುವ ಗುರುಶಾಂತ ಪಟ್ಟಿ ಹಿಡಿದು ಬಂದ. ನೆಟ್ ಇಲ್ಲದ ಮನೆಗಳು ಹೆಚ್ಚಿರುವ ಊರಿಗೆ ಮೊದಲು ತಂತಿ ಎಳೆದು, ಲೈಬ್ರರಿಯಲ್ಲಿ ನೆಟ್ಟಿನ ಪೆಟ್ಟಿಗೆ ಕೂರಿಸುತ್ತಾರಂತೆ. ಮಕ್ಕಳು ಅಲ್ಲಿ ಓದಬಹುದು, ದೂರದವರ ಮುಖ ನೋಡಿ ಮಾತಾಡಬಹುದು. "ಅಜ್ಜಿ, ನಮ್ಮೂರಾಗ ನೆಟ್ ಇಲ್ಲದ ಮನಿ ಒಂದೂ ಇಲ್ಲಂತ. ಬೆಂಗಳೂರಿಗಿಂತ ಮುಂದದೀವಿ" ಎಂದು ನಕ್ಕ. ಪೆಟ್ಟಿಗೆ ಬೇರೆ ಊರಿನ ಪಾಲಾಗಿತ್ತು. ಅವನಿಗೆ ಗೊತ್ತಿರಲಿಲ್ಲ, ಆ ಪಟ್ಟಿಯ ಮೊದಲ ಸುಳ್ಳು ನನ್ನದು ಎಂದು. ನಾನು ಕೌದಿ ಹೊಲಿಯುತ್ತ ಕೂತಿದ್ದೆ. ಸೂಜಿ ಬೆರಳಿಗೆ ಚುಚ್ಚಿಕೊಂಡಿತು. ಆ ಕೌದಿ ಇನ್ನೂ ಅರ್ಧಕ್ಕೇ ನಿಂತಿದೆ, ಈಗಿನ ದಾರ ಸೂಜಿಗೆ ಹೋಗುವುದೇ ಇಲ್ಲ.

ಅದನ್ನೂ ನುಂಗಿಕೊಂಡು ಸುಮ್ಮನಿದ್ದುಬಿಡುತ್ತಿದ್ದೆನೋ ಏನೋ. ಆದರೆ ಹೋದ ಗುರುವಾರ ನೀನು ಬಿಟ್ಟು ಬರುತ್ತೇನೆ ಅಂದ ದಿನ, ಏರಿ ಇಳಿದು ಬರುವಾಗ ಶೃತಿ ಕೈ ಹಿಡಿದುಕೊಂಡು ಕೇಳಿದಳು, "ಅಜ್ಜಿ, ಅಮ್ಮನ ಗಲ್ಲದ ಮ್ಯಾಲಿನ ಮಚ್ಚಿ ಎಡಕೈತೋ ಬಲಕೈತೋ?" ನೆನಪಿದೆ ಅಂದವಳು ಅವಳೇ. ನನ್ನ ಮೊಮ್ಮಗಳಲ್ಲವೇ, ಇಲ್ಲದ್ದನ್ನು ಇದೆ ಅನ್ನುವುದು ಅವಳಿಗೂ ಬಂದಿದೆ. ಗೋಡೆಯ ಮೇಲಿನ ಮದುವೆ ಫೋಟೋ ಇಳಿಸಿ ಒರೆಸಿ ನೋಡಿದಳು. ಫೋಟೋದವನು ನಿನ್ನನ್ನೂ ನನ್ನ ಮಗ ಶ್ರೀನಾಥನನ್ನೂ ಸುಣ್ಣ ಬಳಿದ ಹಾಗೆ ಬೆಳ್ಳಗೆ ಮಾಡಿ ಮಚ್ಚೆಯನ್ನೇ ತಿಂದುಹಾಕಿದ್ದಾನೆ. ಶ್ರೀನಾಥ ಹೋಗಿ ನಾಲ್ಕು ವರ್ಷ. ಅಪ್ಪನ ಮುಖ ಆ ಫೋಟೋದಲ್ಲಷ್ಟೇ ಇದೆ, ಅದಕ್ಕೆ ನಾವು ಏನೂ ಮಾಡಲಾಗುವುದಿಲ್ಲ. ಇರುವ ತಾಯಿಯ ಮುಖವನ್ನೂ ಫೋಟೋದಲ್ಲಿ ಹುಡುಕುವ ಹಾಗೆ ಮಾಡಿದೆನಲ್ಲ ಎಂದು ಆ ಸಂಜೆ ನನ್ನ ಪಾಲಿನ ರೊಟ್ಟಿ ಎಮ್ಮೆಗೆ ಹಾಕಿದೆ.

ಮೊನ್ನೆ ಸೋಮವಾರ ಶಾಲೆ ಪಡಸಾಲೆಯಲ್ಲಿ ಗ್ರಾಮಸಭೆ ಇತ್ತು. ಗುರುಶಾಂತ ಬರಲೇಬೇಕು ಎಂದು ಹೇಳಿ ಹೋಗಿದ್ದ. ಪಂಚಾಯ್ತಿಯ ಮೇಡಮ್ಮು ಮೇಜಿನ ಹಿಂದೆ ಕೂತಿದ್ದರು. ಚರಂಡಿ, ಬೀದಿ ದೀಪ, ಎಲ್ಲ ಮುಗಿದು ಇನ್ನೇನು ಏಳಬೇಕು, ನಾನು ಎದ್ದೆ. ನನ್ನ ನಾಲಿಗೆ ಯಾವತ್ತೂ ನಡುಗಿದ್ದಲ್ಲ, ಅವತ್ತು ನಡುಗಿತು. "ಮೇಡಮ್ಮಾರ, ನಾನು ಸುಳ್ಳು ಬರೆಸೀನಿ. ನಮ್ಮ ಮನ್ಯಾಗ ಇಂಟರ್ನೆಟ್ ಇಲ್ಲ. ಕಂಪ್ಯೂಟರ್ ಇಲ್ಲ. ದೀಪದ ಹೊತ್ತಿನಾಗ ಬಂದು ಕೇಳಿದ್ರ ಹೆಣ್ಣುಮಕ್ಕಳು ಇಲ್ಲ ಅಂತಾರೇನ್ರಿ? ಈಗ ನಡು ಮಧ್ಯಾಹ್ನ ಐತಿ, ಈಗ ಹೇಳ್ತೀನಿ, ಇಲ್ಲ" ಅಂದೆ. ಗಂಡಸರ ಕಡೆ ನಗೆ ಹುಟ್ಟಿತು. ಮೇಡಮ್ಮು ನಗಲಿಲ್ಲ. ಪೆನ್ನು ತೆಗೆದು, "ಇನ್ನೂ ಯಾರ ಮನ್ಯಾಗ ಇಲ್ಲ?" ಅಂದರು.

ಯಾರೂ ಏಳಲಿಲ್ಲ. ಎಲ್ಲರೂ ಕಾಲ ಬೆರಳಿಂದ ನೆಲ ಕೆರೆಯುತ್ತಿದ್ದರು. ಊರ ಮುಂದೆ ಇಲ್ಲದವರಾಗುವುದು ಸುಲಭವಲ್ಲ ಮಗಳೇ. ಆಗ ಎದ್ದವಳು ಯಾರು ಅಂತೀಯ, ಕೊಟ್ರಬಸಮ್ಮ. ನಾನು ಮುಗಿಯಿತು ಎಂದುಕೊಂಡೆ, ಇವತ್ತು ನನ್ನ ಮಾನ ಹರಾಜು. ಅವಳು ಸೆರಗು ಸರಿಮಾಡಿಕೊಂಡು, "ನಮ್ಮ ಮನ್ಯಾಗ ಐತಂತ ಊರೆಲ್ಲ ಹೊಟ್ಟಿ ಉರಕೊಂತೈತಿ. ಅದು ಮನ್ಯಾಗಿಲ್ಲರೀ, ನನ್ನ ಮಗನ ಕಿಸೆದಾಗೈತಿ. ಅವ ಅಂಗಡಿಗೆ ಹೋದ ಅಂದ್ರ ಅದೂ ಹೋತು. ನನಗೂ ಇಲ್ಲ, ಸೊಸಿಗೂ ಇಲ್ಲ. ಬರಕೋರಿ" ಅಂದಳು. ಅಷ್ಟೇ ನೋಡು. ಎರಡು ಮಾಳಿಗೆ ಮನೆಯವಳೇ ಇಲ್ಲ ಅಂದಮೇಲೆ ಉಳಿದವರಿಗೆ ಏನು ನಾಚಿಕೆ. "ನಮ್ಮನ್ಯಾಗೂ ಇಲ್ಲ", "ನಮ್ಮ ಮನಿಯವರ ಹತ್ರ ಐತಿ, ನನಗ ಮುಟ್ಟಾಕ ಕೊಡಂಗಿಲ್ಲ, ಇಲ್ಲ ಅಂತ ಬರೀರಿ" ಎಂದು ಒಬ್ಬೊಬ್ಬರೇ ಎದ್ದರು. ಬಾಯಿ ಬಿಡದ ಹೆಣ್ಣುಮಕ್ಕಳೂ ಎದ್ದರು. ಮೇಡಮ್ಮು ಬರೆದುಕೊಂಡು, ಪಟ್ಟಿ ತಿದ್ದಿ ಮತ್ತೆ ಕಳಿಸುತ್ತೇನೆ, ಪೆಟ್ಟಿಗೆ ಯಾವಾಗ ಬರುತ್ತದೋ ಹೇಳಲಾರೆ ಅಂದರು. ಬಂದಾಗ ಬರಲಿ. ಬರದಿದ್ದರೆ ಮತ್ತೆ ಮಧ್ಯಾಹ್ನವೇ ಹೋಗಿ ಕೇಳುತ್ತೇನೆ.

ಮನೆಗೆ ಬರುವಾಗ ಕೊಟ್ರಬಸಮ್ಮ ನನ್ನ ಜೊತೆಗೇ ಹೆಜ್ಜೆ ಹಾಕಿದಳು. ಓಣಿಯ ತಿರುವು ದಾಟಿದೆವು. ಆಮೇಲೆ, "ಆವತ್ತು ನಿನ್ನ ಮೊಮ್ಮಗಳಿಗೆ ಅಂದದ್ದು ನನ್ನ ಮಾತಲ್ಲ ಗಾದೆಮ್ಮ. ಹಿಂದಿನ ದಿನ ನನ್ನ ಮಗ ನನಗಂದಿದ್ದು. ಮೊಮ್ಮಕ್ಕಳ ಹಾಡು ನೋಡಾಕಂತ ಫೋನ್ ಕೇಳಿದ್ದೆ. ನಂಗ ಅಂದದ್ದ ತಂದು ಆ ಕೂಸಿನ ಮ್ಯಾಲೆ ಹಾಕಿದೆ" ಅಂದಳು. "ಸೊಸಿ ಮ್ಯಾಲೆ ಹಾಕಬಾರದಿತ್ತೇನು, ಆಕಿಗಾದ್ರ ರೂಢಿ ಐತಿ" ಅಂದೆ. ನಕ್ಕಳು, ನಗುತ್ತ ಕಣ್ಣೊರೆಸಿಕೊಂಡಳು. ನನಗೂ ಅವಳ ಮೇಲೆ ಸಿಟ್ಟೇನೂ ಉಳಿಯಲಿಲ್ಲ. ಪ್ರವೀಣನಿಗೂ ಅವತ್ತು ಸಂಜೆಯೇ ಹೇಳಿದಳಂತೆ. ಅವನೂ ತಲೆ ತಗ್ಗಿಸಿ ಬಂದು, "ದೊಡ್ಡವ್ವ, ಭಾನುವಾರ ಹುಡುಗಿನ ಕಳಿಸು. ನೀನೂ ಬಾ" ಎಂದು ಹೇಳಿ ಹೋದ.

ಹಾಗಾಗಿ ಈ ತಿಂಗಳು ಮೂವತ್ತನೇ ತಾರೀಖು ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ, ಗೆಳತಿಯ ದೊಡ್ಡ ಫೋನು ಇಸಕೊಂಡು ಕೂತಿರು. ಈ ಕಾಗದ ಅಷ್ಟರೊಳಗೆ ಮುಟ್ಟುತ್ತದೆ. ತಲೆ ಬಾಚಿಕೊಂಡು ಕೂರು, ಅಳಬೇಡ. ಅತ್ತರೆ ಮೂಗು ಕೆಂಪಾಗಿ ಆ ಹುಡುಗಿ ಮತ್ತೊಂದು ಮುಖ ನೆನಪಿಡಬೇಕಾಗುತ್ತದೆ. ಅವಳ ಬೊಚ್ಚು ಬಾಯಿ ನೋಡಿ ನಗಬೇಡ, ನಕ್ಕರೂ ಕೈ ಅಡ್ಡ ಹಿಡಿದು ನಗು.

ಈಗ ನಿನ್ನ ಗುರುವಾರದ ಮಾತಿಗೆ ಉತ್ತರ. ಬರಬೇಡ. ಜನವರಿಯ ನರ್ಸಿಂಗ್ ಕೊನೇ ಪರೀಕ್ಷೆಗೆ ಎಷ್ಟು ದಿನ ಉಳಿಯಿತು? ಮೂವತ್ತೊಂದು ವರ್ಷಕ್ಕೆ ಪುಸ್ತಕ ಹಿಡಿದಿದ್ದೀ, ಸಣ್ಣ ಹುಡುಗಿಯರ ನಡುವೆ ಕೂತು ಬೈಗಳು ತಿಂದಿದ್ದೀ, ಅದನ್ನು ಅರ್ಧಕ್ಕೆ ಬಿಟ್ಟರೆ ನಿನಗಿಂತ ನನಗೆ ಅವಮಾನ. ಗಂಡ ಸತ್ತ ಸೊಸೆಯನ್ನು ಮಂಗಳೂರಿಗೆ ಕಳಿಸಿದಳು ಎಂದು ನನ್ನ ಬೆನ್ನ ಹಿಂದೆ ಆಡಿಕೊಂಡವರ ಬಾಯಿಗೆ ನಾನು ಎರಡು ವರ್ಷದಿಂದ ಒಬ್ಬಳೇ ಬೀಗ ಹಾಕುತ್ತಿದ್ದೇನೆ. ಬೀಗದ ಕೈ ನೀನು ತರಬೇಕು. ಹುಡುಗಿ ನನ್ನ ಹತ್ತಿರ ಸುಖವಾಗಿದ್ದಾಳೆ. ಹಾಲು ಕುಡಿಯುತ್ತಾಳೆ, ಹಠ ಮಾಡುತ್ತಾಳೆ, ನಿನ್ನ ಹಳೇ ಸೀರೆಯ ಕೌದಿ ಹೊದ್ದೇ ಮಲಗುತ್ತಾಳೆ.

ಹಾಸ್ಟೆಲಿನ ಹುಡುಗಿಯರಿಗೆಲ್ಲ ನನ್ನ ಆಶೀರ್ವಾದ ಹೇಳು, ಗುರೆಳ್ಳು ಪುಡಿ ಇನ್ನೊಂದು ಸಲ ಕಳಿಸುತ್ತೇನೆ. ಶೃತಿ ನಿನಗೆ ಒಂದು ಮುತ್ತು ಬರೆಯಲು ಹೇಳಿದ್ದಾಳೆ, ಅದನ್ನು ಹೇಗೆ ಬರೆಯುವುದೋ ನಾಲ್ಕನೇ ಇಯತ್ತೆಯಲ್ಲಿ ಕಲಿಸಲಿಲ್ಲ. ನೀನೇ ಅಂದಾಜು ಮಾಡಿಕೋ. ಕುಲದೇವರು ನಿನ್ನ ಕೈಗೆ ನಡುಕ ಕೊಡದಿರಲಿ, ಕಾಲಿಗೆ ಸುಸ್ತು ಕೊಡದಿರಲಿ.

ನಿನ್ನ ಬಾಯಿ ಜೋರಿನ ಅತ್ತೆ,
ಗಾದೆಮ್ಮ

ತಾ.ಕ. ಶೃತಿ ನಲ್ಲಿ ನೀರಿಗೆ ಹೋಗಿದ್ದಾಳೆ, ಅವಳು ಬರುವುದರೊಳಗೆ ಇದನ್ನು ಬರೆದು ಲಕೋಟೆ ಅಂಟಿಸುತ್ತೇನೆ. ಮೇಲೆ ಎಲ್ಲರೂ ಆರಾಮ ಎಂದು ಬರೆದೆನಲ್ಲ, ಅದೂ ಹೊಸ್ತಿಲ ಮೇಲೆ ನಿಂತು ಆಡಿದ ಮಾತೇ. ಸಾಲು ಏರಿಳಿದದ್ದು ಪೆನ್ನಿನ ತಪ್ಪಲ್ಲ, ಕೌದಿ ನಿಂತದ್ದು ದಾರದ ತಪ್ಪಲ್ಲ. ಬಲಗಣ್ಣಿಗೆ ಪೊರೆ ಬಂದಿದೆ, ಎಡಗಣ್ಣೂ ಅದರ ಹಿಂದೆ ಹೊರಟಿದೆ. ಭಾನುವಾರ ಫೋನಿನಲ್ಲಿ ನಿನ್ನ ಮುಖ ಬಂದರೂ ನನಗೆ ಕಾಣುವುದು ಬರೀ ಬೆಳಕು. ಮಚ್ಚೆ ಯಾವ ಕಡೆ ಇದೆ ಎಂದು ಶೃತಿಯೇ ನೋಡಿ ನನಗೆ ಹೇಳಬೇಕು. ಹೆದರಬೇಡ, ಇದಕ್ಕೆಂದು ಓಡಿ ಬರಬೇಡ, ಬಂದರೆ ಬಾಗಿಲು ತೆಗೆಯುವುದಿಲ್ಲ. ಫೆಬ್ರವರಿಯಲ್ಲಿ, ನಿನ್ನ ಪರೀಕ್ಷೆ ಮುಗಿದ ಮೇಲೆ, ಕೊಟ್ಟೂರಿನಲ್ಲಿ ಕಣ್ಣಿನ ಆಪರೇಶನ್ ಶಿಬಿರವಿದೆ. ನಿನ್ನೆ ಕೊಟ್ರಬಸಮ್ಮನ ಜೊತೆ ಹೋಗಿ ಹೆಸರು ಬರೆಸಿ ಬಂದೆ. ಬರೆದುಕೊಳ್ಳುವ ಹುಡುಗಿ, "ಅಜ್ಜಿ, ಆಪರೇಶನ್ ಆದಮ್ಯಾಲೆ ದಿನಾ ಕಣ್ಣಿಗೆ ಹನಿ ಹಾಕಾಕ ಮನ್ಯಾಗ ಯಾರರ ಅದಾರೇನು?" ಎಂದು ಕೇಳಿದಳು. "ಅದಾಳ. ನನ್ನ ಸೊಸಿ, ನರ್ಸು" ಅಂದೆ. ಅವಳು ಬರೆದುಕೊಂಡಳು. ಇದೊಂದನ್ನು ತಿದ್ದಿಸಲು ನಾನು ಯಾವ ಸಭೆಗೂ ಹೋಗುವುದಿಲ್ಲ.